ಒದೆಯಲು ಎತ್ತಿದ ಕಾಲು

ಇದು ನಡೆದದ್ದು 1998ರ ಬೇಸಿಗೆಯಲ್ಲಿ. ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಮೆಲ್ಲಗೆ ಒದ್ದರೆ ಬೆನ್ನಿನ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮ ಕಡೆ ಇದೆ. ಹಾಗಾಗಿ ಮಾದಿಹಳ್ಳಿಯಲ್ಲಿ ನನಗಿಂತ ನನ್ನ ಕಾಲಿಗೇ ಹೆಚ್ಚು ಮರ್ಯಾದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿದವರು ಹಾಗೇ ನಮ್ಮ ಮನೆಗೆ ಬಂದು, ಅಂಗಳದಲ್ಲಿ ಬೋರಲು ಮಲಗಿ ಒದೆಸಿಕೊಂಡು, ಕಾಫಿ ಕುಡಿದು ಹೋಗುತ್ತಿದ್ದರು.

ನನ್ನ ತಂಗಿ ಸುಧಾ ಗೆಂಡೆಹಳ್ಳಿ ಶಾಲೆಯಲ್ಲಿ ಟೀಚರ್. ಅವಳಿಗೆ ಬಹಳ ದಿನದಿಂದ ಬೆನ್ನುನೋವು. ಬಸ್ಸಿನ ಕುಲುಕಾಟ ಎಂದು ಎಲ್ಲರೂ ಸುಮ್ಮನಿದ್ದೆವು. ಒಂದು ಭಾನುವಾರ ಅವಳು ಬಂದಾಗ, ನನ್ನ ಜೊತೆಗಿದ್ದ ಅಮ್ಮ, "ಊರೋರ್ಗೆಲ್ಲಾ ಒದೀತೀಯ, ಒಡಹುಟ್ಟಿದೋಳಿಗೆ ಒದಿಯಕ್ಕೆ ಏನೇ ನಿಂಗೆ?" ಎಂದರು.

ಸುಧಾ ನಗುತ್ತಲೇ ಮಲಗಿದಳು. ನನ್ನ ಪಾದ ಬೆನ್ನಿಗೆ ತಾಗಿದ್ದೇ ತಡ, ಕಿಟಾರನೆ ಕಿರುಚಿಕೊಂಡಳು. ಹೇಗೋ ಎದ್ದು, ಚಪ್ಪಲಿ ಮೆಟ್ಟಿಕೊಂಡು ಬಚ್ಚಲ ಕಡೆ ಹೊರಟಳು. ಬಲಗಾಲಿನ ಚಪ್ಪಲಿ ಹಿಂದೆಯೇ ಬಿತ್ತು.

"ಚಪ್ಪಲಿ ಬಿಟ್ಟೋಯ್ತಲ್ಲೇ!"

ಅವಳು ಬಗ್ಗಿ ನೋಡಿಕೊಂಡಳು. "ಹೌದಲ್ಲಕ್ಕ, ಗೊತ್ತೇ ಆಗ್ಲಿಲ್ಲ."

ಚಪ್ಪಲಿ ಬಿದ್ದದ್ದೂ ಕಾಲಿಗೆ ತಿಳಿಯದಿದ್ದರೆ ಇದು ಬರೀ ಉಳುಕಲ್ಲ ಎನಿಸಿತು ನನಗೆ. ಅಮ್ಮ ಮಾತ್ರ, "ಮೊದಲ್ನೇ ಒದೆಗೆ ಹಂಗೇ ನೋಯ್ತದೆ, ಇನ್ನೊಂದು ಒದಿ" ಎಂದು ಪಟ್ಟು ಹಿಡಿದರು. "ನೀನು ಸಾಯ್ತೀನಿ ಅಂದ್ರೂ ಒದಿಯಲ್ಲ ಕಣಮ್ಮ" ಎಂದು ರೇಗಿದೆ.

ಮರುದಿನವೇ ಹಾಸನಕ್ಕೆ ಹೋದೆವು. ಡಾಕ್ಟರು ಮೊದಲು ಕೇಳಿದ್ದು, "ಮಲಗಿದ್ರೆ ನೋವು ಕಡಿಮೆ ಆಗುತ್ತಾ?" ಎಂದು. "ಇಲ್ಲ ಸಾರ್, ಮಲಗಿದ್ರೇ ಜಾಸ್ತಿ" ಎಂದಳು ಸುಧಾ. ಅದನ್ನು ಅವಳು ನಮಗ್ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಕೂಡಲೇ ಎಕ್ಸ್‌ರೇ ತೆಗೆಸಿದರು. ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನಿನ ಒಂದೊಂದು ಮೂಳೆಯಲ್ಲೂ ಎರಡು ಕಣ್ಣಿನಂತೆ ಗುರುತುಗಳಿದ್ದವು. ಒಂದು ಮೂಳೆಗೆ ಮಾತ್ರ ಒಂದೇ ಕಣ್ಣು.

"ನಾನು ಒದ್ದಿದ್ದಕ್ಕಾ ಸಾರ್?" ಎಂದು ಕೇಳಿದೆ.

"ಅಲ್ಲಮ್ಮ. ಒಳಗೆ ಗಡ್ಡೆ ಬೆಳೆದು ಮೂಳೆ ತಿಂದಿದೆ, ನರ ಒತ್ತುತ್ತಿದೆ. ಆದ್ರೆ ಇನ್ನೊಂದು ಏಟು ಬಿದ್ದಿದ್ರೆ ಎರಡೂ ಕಾಲು ಹೋಗ್ಬಹುದಿತ್ತು."

ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿದರು, ಸೂಜಿ ಹಾಕಿ ಗಡ್ಡೆಯ ಚೂರು ತೆಗೆದರು. ಕ್ಯಾನ್ಸರೋ ಅಲ್ಲವೋ ಎಂದು ತಿಳಿಯುವವರೆಗೆ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಮ್ಮ ಊಟದ ಮುಂದೆ ಕೂತು ಹಾಗೇ ಏಳುತ್ತಿದ್ದರು. ಅಂಥ ಭಯವನ್ನು ನಾನು ಮತ್ತೆಂದೂ ಅನುಭವಿಸಿಲ್ಲ. ಕೊನೆಗೆ ಕ್ಯಾನ್ಸರ್ ಅಲ್ಲ ಎಂದಾಯಿತು. ಆಪರೇಷನ್ ಆಗಿ, ಸುಧಾ ನಿಧಾನವಾಗಿ ಮತ್ತೆ ನಡೆಯತೊಡಗಿದಳು.

ಈಗಲೂ ಬೆನ್ನು ಹಿಡಿದುಕೊಂಡು ಜನ ಬರುತ್ತಾರೆ. ಕಾಫಿ ಕೊಡುತ್ತೇನೆ, ಕಾಲು ಎತ್ತುವುದಿಲ್ಲ. "ಮಲಗಿದ್ರೂ ನೋಯ್ತದಾ?" ಎಂದು ಕೇಳಿ, ಹೌದೆಂದರೆ ಹಾಸನದ ಬಸ್ಸು ಹತ್ತಿಸುತ್ತೇನೆ.

ಸುಧಾ ಈಗ ಚೆನ್ನಾಗಿದ್ದಾಳೆ. ಆದರೂ ಅವಳು ಅಂಗಳ ದಾಟಿ ಬರುವಾಗ ನನ್ನ ಕಣ್ಣು ತಾನಾಗಿ ಕೆಳಗೆ ಹೋಗುತ್ತದೆ. ಎರಡೂ ಚಪ್ಪಲಿ ಕಾಲಲ್ಲಿವೆಯೇ ಎಂದು ನೋಡಿದ ಮೇಲೆಯೇ, "ಬಾರೇ" ಎನ್ನುತ್ತೇನೆ.