ಅತ್ತೆಯ ಮಗಳು ಕಲಿಸಿದ ಈಜು

ಅತ್ತೆಯ ಮಗಳು ಶಾಲೆಗೆಂದು ಮಣ್ಣಗುಡ್ಡದ ನಮ್ಮ ಮನೆಗೆ ಬಂದು ನಿಂತಾಗ ನನಗೆ ಹತ್ತು ವರ್ಷ, ಅವಳು ನನಗಿಂತ ಸ್ವಲ್ಪ ದೊಡ್ಡವಳು. ಅವಳ ಮನೆ ತೊಕ್ಕೊಟ್ಟಿನ ಕಡೆ, ಹೊಳೆಯ ಬದಿಯಲ್ಲಿ. ನೇತ್ರಾವತಿಗೆ ಆಗಿನ್ನೂ ರಸ್ತೆಯ ಸೇತುವೆ ಇರಲಿಲ್ಲ. ದೋಣಿ ಹತ್ತುವ ಮಕ್ಕಳಿಗೆ ಈಜು ಬರಲೇಬೇಕೆಂದು ಅತ್ತೆ ಅವಳಿಗೆ ಸಣ್ಣದರಲ್ಲೇ ಕಲಿಸಿದ್ದರು.

ನಮ್ಮ ಹಿತ್ತಿಲಿನಾಚೆ ಒಂದು ಕೆರೆಯಿತ್ತು. ಬಂದ ಮರುದಿನವೇ ಅವಳು ಲಂಗ ಎತ್ತಿ ಕಟ್ಟಿ ಅದಕ್ಕೆ ಹಾರಿದಳು. ಅಪ್ಪ ನನ್ನನ್ನು ಕರೆದು ತೋರಿಸಿದರು. "ನೋಡು ಮಾರಾಯ್ತಿ, ಮೀನೇ ಇದು!"

ಆಮೇಲೆ ಅವರು ಸಂಜೆ ಅಂಗಡಿ ಬೇಗ ಮುಚ್ಚಿ ಬಂದು, ಬೈರಾಸು ಹಿಡಿದು ಕೆರೆಯ ಮೆಟ್ಟಿಲಲ್ಲಿ ನಿಲ್ಲತೊಡಗಿದರು. ಅವಳು ಮೇಲೆ ಬಂದರೆ ತಾವೇ ತಲೆ ಒರೆಸುವುದು. ನಮ್ಮಲ್ಲಿ ಸೋದರಮಾವನಿಗೆ ತಂಗಿಯ ಮಕ್ಕಳ ಮೇಲೆ ಮಮತೆ ಒಂದು ಹಿಡಿ ಜಾಸ್ತಿ. ಅದು ಗೊತ್ತಿದ್ದರೂ ನನ್ನ ಹೊಟ್ಟೆ ಉರಿಯದೆ ಇರಲಿಲ್ಲ. ನನ್ನ ಅಕ್ಷರ ದುಂಡಗಿತ್ತು, ಮಗ್ಗಿ ತಪ್ಪುತ್ತಿರಲಿಲ್ಲ. ಅದನ್ನು ನೋಡಲು ಯಾರೂ ಅಂಗಡಿ ಮುಚ್ಚಿ ಬಂದವರಿಲ್ಲ.

"ನನಗೂ ಈಜು ಕಲಿಸಿ," ಎಂದೆ.

"ನಿನಗೆ ಎಂತಕ್ಕೆ? ಶೀತ ಆಗ್ತದೆ," ಎಂದರು ಅಪ್ಪ.

ಕೊನೆಗೆ ಅವಳನ್ನೇ ಕೇಳಬೇಕಾಯಿತು. ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಸಿಪ್ಪೆಯಿದ್ದ ಎರಡು ಒಣ ತೆಂಗಿನಕಾಯಿಗಳನ್ನು ಹಗ್ಗದಲ್ಲಿ ಜೋಡಿಸಿ ಕಟ್ಟಿ ನನ್ನ ಎದೆಯಡಿಗಿಟ್ಟಳು. ನಾನು ಕಾಯಿ ಬಿಟ್ಟು ಅವಳ ಕೊರಳನ್ನು ಹಿಡಿದೆ.

"ಕೈ ಬಿಡು. ನೀರಿನೊಟ್ಟಿಗೆ ಜಗಳ ಮಾಡಿದ್ರೆ ಮುಳುಗ್ತಿ."

"ಅಕ್ಕಾ, ನಿನಗೆ ಹೆದರಿಕೆ ಇಲ್ವಾ?"

"ಉಂಟು. ದಿನಾ ಹಾರುವಾಗ್ಲೂ ಉಂಟು. ಆದ್ರೂ ಹಾರ್ತೇನೆ."

ಅವಳಿಗೂ ಹೆದರಿಕೆಯಿದೆ ಎಂದು ತಿಳಿದು ನನಗೆ ಎಷ್ಟು ಖುಷಿಯಾಯಿತೆಂದರೆ ಹಿಡಿತ ತಾನಾಗಿ ಸಡಿಲಾಯಿತು.

ಮಳೆಗಾಲಕ್ಕೆ ಮುಂಚೆ ಒಂದು ಸಂಜೆ, ಕಾಯಿಗಳ ಸಹಾಯವಿಲ್ಲದೆ ಈಚೆ ದಡದಿಂದ ಆಚೆ ದಡಕ್ಕೆ ಈಜಿ ಮರಳಿದೆ. ಅಪ್ಪ ಮೆಟ್ಟಿಲಲ್ಲೇ ಇದ್ದರು. ನಾನು ಏದುಸಿರು ಬಿಡುತ್ತ ತಲೆಯೆತ್ತಿದೆ. ಅವರು ಅವಳ ಬೆನ್ನು ತಟ್ಟುತ್ತಿದ್ದರು.

"ನೀನು ಕಲಿಸಿದ್ದಾ? ಭಾರೀ ಜಾಣೆ!"

"ನಾನೆಂತ ಮಾಡಿದ್ದು ಮಾವ, ಈಜಿದ್ದು ಅವಳಲ್ವಾ?"

ಅವಳ ಆ ಒಳ್ಳೆಯತನಕ್ಕೂ ಹೊಟ್ಟೆಕಿಚ್ಚಾಯಿತು. ಸಿಟ್ಟಿನಲ್ಲೇ ತಿರುಗಿ ಮತ್ತೆ ಆಚೆ ದಡಕ್ಕೆ ಹೊರಟೆ. ಸಿಟ್ಟಿನಿಂದ ಕೈ ಬೀಸಿದಷ್ಟೂ ಉಸಿರು ಕಟ್ಟಿತು. ಕೆರೆಯ ನಡುವೆ ಬರುವಾಗ ಉಸಿರೊಂದನ್ನೇ ನೋಡಿಕೊಳ್ಳಬೇಕಾಯಿತು. ಆಗ ಮನಸ್ಸಿನಲ್ಲಿ ಅಪ್ಪನೂ ಇಲ್ಲ, ಅವಳೂ ಇಲ್ಲ. ಹಾಗೆಯೇ ಹಗುರಾಗಿ ತೇಲಿ ದಡ ಮುಟ್ಟಿದೆ. ಕಾಲು ನೆಲಕ್ಕೆ ತಾಗಿದ ಮೇಲೆ ಹೊಟ್ಟೆಕಿಚ್ಚು ಪುನಃ ಬಂತು, ಆದರೆ ಮೊದಲಿನಷ್ಟಿರಲಿಲ್ಲ.