ಮೂರು ದಾರಿ ಹಿಡಿದ ಗಿರಣಿ

ಮೂವತ್ತು ವರ್ಷ ನಾನು ತಾಲ್ಲೂಕು ಕಚೇರಿಯ ರವಾನೆ ವಿಭಾಗದಲ್ಲಿ ಕೂತಿದ್ದೆ. ಲಕೋಟೆಗೆ ಅಂಟು ಹಚ್ಚಿ, ಸಂಖ್ಯೆ ಬರೆದು, ಮೊಹರು ಒತ್ತಿ ಕಳಿಸುವುದು ನನ್ನ ಕೆಲಸ. ಹಾಗಾಗಿ ಯಾವ ವಸ್ತುವನ್ನು ಯಾವ ದಾರಿಯಲ್ಲಿ ಕಳಿಸಬೇಕೆಂದು ಬಲ್ಲವನು ಈ ಕೆ.ಆರ್. ನಗರದಲ್ಲಿ ನಾನೊಬ್ಬನೇ ಎಂಬ ಭಾವನೆ ನಿವೃತ್ತನಾದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ. ಹೆಂಡತಿ ಮಾತ್ರ ಇದನ್ನು ಒಪ್ಪುವುದಿಲ್ಲ. ಕೊತ್ತಂಬರಿ ತರಲು ಕಳಿಸಿದರೆ ಪುದೀನ ತರುವ ಗಂಡಸಿನ ಮೇಲೆ ಅವಳಿಗೆ ಅಷ್ಟಾಗಿ ನಂಬಿಕೆಯಿಲ್ಲ. ತರುವುದು ಬೇರೆ, ಕಳಿಸುವುದು ಬೇರೆ ಎಂದು ನಾನು ಎಷ್ಟೋ ಸಲ ವಿವರಿಸಿದ್ದೇನೆ.

ಕಳಿಸುವ ವಿದ್ಯೆಯನ್ನು ತೋರಿಸುವ ಅವಕಾಶ ನನ್ನ ತಂಗಿ ಮಾದೇವಿಯಿಂದ ಬಂತು. ಅವಳನ್ನು ಕೊಟ್ಟಿರುವುದು ಎಚ್.ಡಿ. ಕೋಟೆ ಕಡೆಗೆ, ಅಂತರಸಂತೆಯಿಂದ ಇನ್ನೂ ಒಳಗಿರುವ ಕಾಡಂಚಿನ ಒಂದು ಸಣ್ಣ ಹಳ್ಳಿಗೆ. ಅಲ್ಲಿ ಹಿಟ್ಟಿನ ಗಿರಣಿಯಿಲ್ಲ. ಹೆಂಗಸರು ರಾಗಿಯ ಚೀಲ ಹೊತ್ತು ಅಂತರಸಂತೆಗೆ ಹೋಗಬೇಕು, ಸರದಿಯಲ್ಲಿ ಕೂರಬೇಕು, ಆನೆ ರಸ್ತೆಗೆ ಇಳಿಯುವುದರೊಳಗೆ ಮನೆ ಸೇರಬೇಕು. ನಮ್ಮ ಭಾಷೆಯಲ್ಲಿ ‘ಹೊತ್ತು’ ಎಂದರೆ ಹೊರೆ ಹೊರುವುದೂ ಹೌದು, ಕಾಲವೂ ಹೌದು. ಆ ಊರಿನ ಹೆಂಗಸರಿಗೆ ಎರಡೂ ಒಂದೇ ಚೀಲದಲ್ಲಿ ಕಳೆದುಹೋಗುತ್ತಿತ್ತು. ಮಾದೇವಿ ತನ್ನ ಮನೆ ಪಕ್ಕದ ಕೊಟ್ಟಿಗೆಯನ್ನು ಖಾಲಿ ಮಾಡಿಸಿ, ಗಾರೆ ಹಾಕಿಸಿ, ಕರೆಂಟು ಎಳೆಸಿದಳು. ನಮ್ಮ ತಾಲ್ಲೂಕಿನ ಹೊಸ ಅಗ್ರಹಾರದಲ್ಲಿ ಒಬ್ಬರು ಹೊಸ ಯಂತ್ರ ಕೂರಿಸಿ ಹಳೆಯದನ್ನು ಮಾರುತ್ತಿದ್ದರು. ಅದನ್ನು ಅವಳೇ ಬಂದು, ನೋಡಿ, ಕೊಂಡಳು. ಹೊರಡುವಾಗ ನನಗೆ ಹೇಳಿದಳು:

“ಅಣ್ಣ, ಇದ ನಮ್ಮೂರ್ಗೆ ಕಳ್ಸೋದು ನಿನ್ನ ಜವಾಬ್ದಾರಿ ಕಣ. ಸ್ವಾಮಾರ ಗಿರಣಿ ಓಡ್ತದೆ ಅಂತ ಊರ್ಗೆಲ್ಲ ಏಳ್ಬುಟ್ಟಿವ್ನಿ. ಈ ವಾರ ಯಾರೂ ಅಂತರ್ಸಂತೆಗೆ ಓಗಕಿಲ್ಲ.”

“ಮೂವತ್ತು ವರ್ಷ ಇದನ್ನೇ ಮಾಡಿದೀನಿ, ಬುಡು” ಎಂದೆ.

ಮೊದಲು ಹೋದದ್ದು ಲಾರಿ ಆಫೀಸಿಗೆ. ಅಲ್ಲಿದ್ದವನು ತಲೆಯೆತ್ತದೆ “ಫುಲ್ ಲೋಡಾ, ಪಾರ್ಟ್ ಲೋಡಾ?” ಎಂದ. ಗಿರಣಿ ಪೂರ್ತಿಯಾಗಿದೆ ಎಂದೆ. ಲಾರಿ ಪೂರ್ತಿಯಾಗುತ್ತದೆಯೇ ಎಂಬುದು ಪ್ರಶ್ನೆಯಂತೆ. ಆಗದಿದ್ದರೆ ಬೇರೆಯವರ ಸಾಮಾನು ಸೇರುವವರೆಗೆ ಕಾಯಬೇಕು. ಪಾರ್ಸೆಲ್ ಸರ್ವಿಸಿನಲ್ಲಿ ಕಾಯಿಸುವುದಿಲ್ಲ, ಆದರೆ ಬಹಳ ಭಾರದ್ದನ್ನು ಮುಟ್ಟುವುದಿಲ್ಲ. ಮುಟ್ಟಿದ್ದನ್ನೂ ಹುಣಸೂರಿನ ಗೋಡೌನಿನಲ್ಲಿ ಇಳಿಸಿ ಕೈತೊಳೆದುಕೊಳ್ಳುತ್ತಾರೆ. ಮೂರನೆಯವರು ಮನೆ ಸಾಮಾನು ಸಾಗಿಸುವವರು. ಅವರಿಗೆ ಫೋನ್ ಮಾಡಿದರೆ ಸಕ್ಕರೆಯಂಥ ದನಿಯ ಹುಡುಗಿ, “ಎಷ್ಟು ಬಿಎಚ್‌ಕೆ ಸರ್?” ಎಂದು ಕೇಳಿದಳು. ಮನೆಯಲ್ಲಮ್ಮ, ಗಿರಣಿ ಎಂದೆ. ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು. ಆಮೇಲೆ, “ಸರ್, ಅದನ್ನು ಫರ್ನಿಚರ್‌ನಲ್ಲಿ ಹಾಕಲಾ, ಕಿಚನ್ ಐಟಮ್‌ನಲ್ಲಿ ಹಾಕಲಾ?” ಎಂದಳು. ಹಿಟ್ಟಿಗೂ ಅಡಿಗೆಮನೆಗೂ ಇರುವ ನಂಟನ್ನು ನೆನೆದು ನಾನು ಎರಡನೆಯದನ್ನು ಒಪ್ಪಿದೆ.

ಒಬ್ಬೊಬ್ಬರಲ್ಲಿ ಒಂದೊಂದು ಗುಣ. ಹಾಗಿದ್ದ ಮೇಲೆ ಒಬ್ಬರನ್ನೇ ಏಕೆ ಆರಿಸಬೇಕು? ರಾತ್ರಿಯೆಲ್ಲ ಯೋಚಿಸಿ, ಬೆಳಗಿನ ಕಾಫಿಯ ಹೊತ್ತಿಗೆ ನಾನು ಪರಮ ಯೋಜನೆಯೊಂದನ್ನು ಸಿದ್ಧಪಡಿಸಿದ್ದೆ. ಬೀಸುವ ಕಲ್ಲುಗಳು ಭಾರ, ಆದರೆ ಕಲ್ಲಿಗೆ ಏನಾಗುತ್ತದೆ? ಲಾರಿಗೆ. ಮೋಟಾರು, ಬೆಲ್ಟು ಪಾರ್ಸೆಲ್ಲಿಗೆ. ಕಾಳು ಸುರಿಯುವ ತಗಡಿನ ಬಾಯಿ ಮತ್ತು ಕಬ್ಬಿಣದ ಚೌಕಟ್ಟು ನೆಗ್ಗಬಾರದು, ಆದ್ದರಿಂದ ಬಿಎಚ್‌ಕೆ ಹುಡುಗಿಗೆ. ಹೆಂಡತಿ ಇದನ್ನು ಕೇಳಿ, “ಒಬ್ಬ ಮದುಮಗನ್ನ ತಲೆ ಒಂದು ಬಸ್ಸಲ್ಲಿ, ಕಾಲೊಂದು ಬಸ್ಸಲ್ಲಿ ಕಳ್ಸಿದ ಹಾಗಾಯ್ತು” ಎಂದಳು. ರವಾನೆ ವಿಭಾಗದ ಸೂಕ್ಷ್ಮಗಳು ಅವಳಿಗೆ ತಿಳಿಯುವುದಿಲ್ಲ ಎಂದುಕೊಂಡು ಮೂರು ರಸೀದಿಗಳನ್ನು ಜೇಬಿನಲ್ಲಿಟ್ಟುಕೊಂಡೆ.

ಗುರುವಾರ ಮಾದೇವಿಯ ಫೋನು ಬಂತು. ತಗಡಿನ ಬಾಯಿ ತಲುಪಿತ್ತು. ಇಬ್ಬರು ಸಮವಸ್ತ್ರದವರು ಬಂದು, ಹಸುಗೂಸನ್ನು ಇಳಿಸುವ ಹಾಗೆ ಇಳಿಸಿ, ಸಹಿ ಹಾಕಿಸಿಕೊಂಡು ಹೋದರಂತೆ. ಅದಕ್ಕೆ ಸುತ್ತಿದ್ದ ಗುಳ್ಳೆ ಪ್ಲಾಸ್ಟಿಕ್ಕನ್ನು ಊರಿನ ಮಕ್ಕಳೆಲ್ಲ ಹಂಚಿಕೊಂಡು ಚಟಚಟ ಒಡೆಯುತ್ತಿದ್ದ ಸದ್ದು ನನಗೂ ಕೇಳಿಸಿತು.

“ಬಾಯೇನೋ ಬಂತು, ಹಲ್ಲೆಲ್ಲಣ್ಣ?” ಎಂದಳು.

ಹಲ್ಲುಗಳು, ಅಂದರೆ ಕಲ್ಲುಗಳು, ಪಿರಿಯಾಪಟ್ಟಣದಲ್ಲಿದ್ದವು. ಲಾರಿ ಆಫೀಸಿನವನ ಪ್ರಕಾರ ಅಲ್ಲಿಯವರೆಗೆ ಲೋಡಿತ್ತು, ಅಲ್ಲಿ ಇಳಿಸಿದ್ದಾರೆ, ಕೋಟೆ ಕಡೆಗೆ ಲೋಡ್ ಸೇರಿದಾಗ ಹೊರಡುತ್ತವೆ. ಯಾವಾಗ ಸೇರುತ್ತದೆ ಎಂದರೆ, “ಸೇರ್ದಾಗ” ಎಂದ. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಶುಕ್ರವಾರ ಬೆಳಿಗ್ಗೆಯೇ ಬಸ್ಸು ಹತ್ತಿ ಹುಣಸೂರಿನ ಗೋಡೌನಿಗೆ ಹೋದೆ, ಮೋಟಾರನ್ನಾದರೂ ಬಿಡಿಸಿಕೊಳ್ಳೋಣವೆಂದು. ಅಲ್ಲಿಯ ಗುಮಾಸ್ತರು ಕಂಪ್ಯೂಟರು ನೋಡಿ, “ಆರ್‌ಸಿ ಬುಕ್ ಕೊಡಿ” ಎಂದರು. ಬರೆದುಕೊಂಡವರು ಯಾರೋ ‘ಮೋಟಾರು’ ಎಂಬುದನ್ನು ಮೋಟಾರು ವಾಹನದ ಸಾಲಿಗೆ ಸೇರಿಸಿಬಿಟ್ಟಿದ್ದರು. ನಾನು ವಾದಿಸಿದೆ. ಅವರು ನಿಯಮ ಹೇಳಿದರು. ಮೂವತ್ತು ವರ್ಷ ಕಿಟಕಿಯ ಒಳಗಿನಿಂದ ನಾನು ಜನಕ್ಕೆ ಹೇಳುತ್ತಿದ್ದ ಮಾತುಗಳೇ ಅವು, ಅದೇ ಧಾಟಿ ಕೂಡ. ಕಿಟಕಿಯ ಹೊರಗಿನಿಂದ ಕೇಳಿದಾಗ ಅವು ಅಷ್ಟು ಚೆನ್ನಾಗಿರುವುದಿಲ್ಲ.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಆಗ ನಿಜವಾಗಿ ಹೆದರಿಕೆಯಾಯಿತು. ಒಂದು ಊರಿನ ಹೆಂಗಸರು ನನ್ನ ತಂಗಿಯ ಮಾತು ನಂಬಿ ಹಿಟ್ಟಿನ ಡಬ್ಬಿ ಬರಿದು ಮಾಡಿಕೊಂಡು ಕೂತಿದ್ದಾರೆ. ಅವಳು ನನ್ನ ಮಾತು ನಂಬಿದ್ದಾಳೆ. ನಾನು ಯಾರನ್ನು ನಂಬಿದ್ದೆ? ನನ್ನ ಬುದ್ಧಿವಂತಿಕೆಯನ್ನು. ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ನಾಳೀಕೆ ಹುಣ್ಸೂರ್ಗೇ ಬಂದು ನಿಂತ್ಕ. ನಮ್ಮೂರ ತಾವ್ಲಿಂದ ಶಾಜಿ ಸುಂಟಿ ಗಾಡಿ ಪಿರ್‍ಯಾಪಟ್ಣಕ್ಕೆ ಓಯ್ತದೆ. ವಾಪಸ್ ಖಾಲಿ ಬತ್ತದೆ. ನಿನ್ನೂ ಅತ್ತಿಸ್ಕತಾನೆ.”

ಶಾಜಿ ವಯನಾಡಿನಿಂದ ಬಂದು ಅವರ ಊರ ಹತ್ತಿರ ಶುಂಠಿ ಬೆಳೆಯುವವನು. ಶನಿವಾರ ಅವನ ಪಿಕಪ್ಪಿನಲ್ಲಿ ಶುಂಠಿಯ ಘಾಟು ಕುಡಿಯುತ್ತ ಪಿರಿಯಾಪಟ್ಟಣಕ್ಕೆ ಹೋದೆ. ಶುಂಠಿ ಇಳಿಯಿತು, ಕಲ್ಲು ಏರಿತು. ಮರಳಿ ಹುಣಸೂರಿಗೆ ಬಂದಾಗ ಗುಮಾಸ್ತರು ಮತ್ತೆ ಆರ್‌ಸಿಯ ಮಾತೆತ್ತಿದರು. ಶಾಜಿ ಸುಮ್ಮನೆ ಹೋಗಿ ಗೋಣಿಚೀಲ ಬಿಡಿಸಿ, ಮೋಟಾರಿನ ಚಕ್ರವನ್ನು ಕೈಯಿಂದ ಒಮ್ಮೆ ತಿರುಗಿಸಿ ತೋರಿಸಿದ.

“ಸಾರೇ, ಇದು ರೋಡಲ್ಲಿ ಓಡೋದಿಲ್ಲ. ನಿಂತಲ್ಲೇ ತಿರುಗೋದು ಮಾತ್ರ.”

ಗುಮಾಸ್ತರು ನಕ್ಕು ಸಹಿ ಹಾಕಿಸಿಕೊಂಡರು. ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲಿಸಿ ಚಹ ಕುಡಿಯುವಾಗ ಶಾಜಿ ಬಹಳ ವಿನಯದಿಂದ ಕೇಳಿದ: “ಮಿಷನ್ ಒಂದೇ ಅಲ್ವಾ ಸಾರೇ? ಮತ್ತೆ ಗಾಡಿ ಮೂರು ಯಾಕೆ?” ನಾನು ಯೋಜನೆಯನ್ನು ಮೊದಲಿನಿಂದ ವಿವರಿಸತೊಡಗಿದೆ. ಅರ್ಧಕ್ಕೆ ಬಂದಾಗ ನನಗೇ ಅರ್ಥವಾಗುವುದು ನಿಂತುಹೋಯಿತು. ಇನ್ನೊಂದು ಬನ್ನು ತರಿಸಿದೆ.

ಊರು ಮುಟ್ಟಿದಾಗ ಹೆಂಗಸರು ಕೊಟ್ಟಿಗೆಯ ಮುಂದೆ ಕಾಯುತ್ತಿದ್ದರು. ನನಗೆ ಗಾಡಿಯಿಂದ ಇಳಿಯುವ ಮನಸ್ಸಿರಲಿಲ್ಲ. ವಯಸ್ಸಾದ ಹೆಂಗಸೊಬ್ಬರು, “ಯಾಕಮ್ಮಿ ಮಾದೇವಿ, ತುಂಡ್ತುಂಡಾಗಿ ಬತ್ತಾ ಐತಲ್ಲ” ಎಂದರು.

“ನಮ್ಮಣ್ಣ ಆಫೀಸಲ್ಲಿದ್ದೋನು ಕಣವ್ವ. ಒಂದಕ್ಕೊಂದು ತಾಗಿ ಕೆಡದೇ ಇರ್ಲಿ ಅಂತ ಬಿಡಿಬಿಡಿಯಾಗಿ ಕಳ್ಸವ್ನೆ” ಎಂದಳು ಮಾದೇವಿ, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ. ಹೆಂಗಸರು ನನ್ನನ್ನು ಗೌರವದಿಂದ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಭಾನುವಾರ ಮಿಸ್ತ್ರಿ ಬಂದು ಎಲ್ಲವನ್ನೂ ಜೋಡಿಸಿದ. ಸೋಮವಾರ ಬೆಳಿಗ್ಗೆ ಸ್ವಿಚ್ಚು ಒತ್ತಿದಾಗ ಗಿರಣಿ ಮೊದಲು ಕೆಮ್ಮಿ, ಆಮೇಲೆ ಗುಂಯ್ ಎಂದು ಹಾಡಿಗೆ ಕೂತಿತು. ಮೊದಲ ಹಿಟ್ಟಿನಲ್ಲಿ ಕಲ್ಲುಪುಡಿ ಇರುತ್ತದೆಂದು ಹುಳುಕು ರಾಗಿ ಬೀಸಿ ಆಚೆ ಹಾಕಿದರು. ಎರಡನೆಯದು ಬೆಚ್ಚಗೆ, ನುಣ್ಣಗೆ ಇಳಿಯಿತು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಬೆರಳಿನಲ್ಲಿ ಉಜ್ಜಿ ನೋಡಿದರು. ಉಜ್ಜಿದವರು ತಮ್ಮ ಚೀಲವನ್ನು ಮುಂದಕ್ಕೆ ತಳ್ಳಿದರು. ಹೊಗಳಿಕೆ ಅಂದರೆ ಅಲ್ಲಿ ಅದೇ. ಮಧ್ಯಾಹ್ನವಾಗುವ ಮೊದಲೇ ಎಲ್ಲರೂ ಮನೆಗೆ ಹೋಗಿದ್ದರು.

ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಬಂದ ಮಾದೇವಿ ಕೈಗೊಂದು ಹಿಟ್ಟಿನ ಗಂಟು ಕೊಟ್ಟಳು, ಅತ್ತಿಗೆಗೆಂದು. ಬರುವಾಗ ರಾಗಿ ಹಿಟ್ಟು ತನ್ನಿ ಎಂದು ಹೆಂಡತಿಯೂ ಫೋನಿನಲ್ಲಿ ಹೇಳಿದ್ದಳು.

“ತೊಡೆ ಮ್ಯಾಲೇ ಇಟ್ಕಂಡು ಓಗಣ್ಣ” ಎಂದಳು. “ಎಲ್ಲೂ ಕೊಟ್ಟು ಕಳ್ಸಬ್ಯಾಡ. ಇದು ಒಂದೇ ಗಂಟು.”

ಕಂಡಕ್ಟರು ಗಂಟನ್ನು ಮೇಲಿನ ಕಂಬಿಯ ಮೇಲಿಡಲು ಕೈ ಚಾಚಿದ. ಕೊಡಲಿಲ್ಲ. ಮನೆ ಸೇರಿದಾಗ ಪ್ಯಾಂಟಿನ ತೊಡೆಯೆಲ್ಲ ಬೂದುಬಣ್ಣಕ್ಕೆ ತಿರುಗಿತ್ತು. ಹೆಂಡತಿ ಗಂಟು ಬಿಚ್ಚಿ ನೋಡಿ, ನನ್ನನ್ನೂ ಒಮ್ಮೆ ನೋಡಿ, ಈ ಸಲ ಹೇಳಿದ್ದನ್ನೇ ತಂದಿದ್ದೀರಿ ಎಂದಳು.