ಖಾಲಿ ಬಂದ ಸಾವಿನ ಕಾಗದ

ನಾನು ಕಂಪ್ಯೂಟರಿಗೆ ಬಾಯಿಬಿಟ್ಟು ಬೈಯುವವಳು. ಬೆಳ್ಳಾರೆ ಪೇಟೆಯಲ್ಲಿ ನನ್ನ ಡಿಟಿಪಿ ಅಂಗಡಿಗೂ ಪಕ್ಕದ ಟೈಲರ್ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. "ಎಂತ ಅಕ್ಕ, ಇವತ್ತು ಯಾರಿಗೆ ಪೂಜೆ?" ಎಂದು ಟೈಲರ್ ಆಚೆಯಿಂದ ಕೇಳುವುದುಂಟು. ಅದೇ ಕಂಪ್ಯೂಟರಿಗೆ ನಾನು ಕೈಮುಗಿದದ್ದು ಮಾತ್ರ ಒಂದೇ ಸಲ.

ಆಮಂತ್ರಣ ಪತ್ರಿಕೆಗೆ ನಮ್ಮ ಕಡೆ ಕಾಗದ ಎಂದೇ ಹೇಳುವುದು. ಮದುವೆಯದ್ದಾಗಲಿ, ಸತ್ತವರ ಉತ್ತರಕ್ರಿಯೆಯದ್ದಾಗಲಿ, ಅಕ್ಷರ ಜೋಡಿಸಿ ವಿನ್ಯಾಸ ಮಾಡುವುದು ನಾನು, ಅಚ್ಚು ಹಾಕುವುದು ಪುತ್ತೂರಿನ ಪ್ರೆಸ್ಸು. ಉತ್ತರಕ್ರಿಯೆಯ ಕಾಗದವೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಮದುವೆಗೆ ತಿಂಗಳುಗಟ್ಟಲೆ ಸಮಯವಿರುತ್ತದೆ, ಇದಕ್ಕೆ ಇರುವುದಿಲ್ಲ. ತಿದ್ದಬೇಕಾದವರ ತಲೆ ನೆಟ್ಟಗಿರುವುದೂ ಇಲ್ಲ.

ಆ ಸಲ ಫೋನು ಮಾಡಿದವರು ನಮ್ಮ ಊರಿನಲ್ಲೇ ಮನೆ ಮಾಡಿಕೊಂಡಿದ್ದ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು. ನಾನು ಅವರನ್ನು ಅದುವರೆಗೆ ಕಂಡವಳಲ್ಲ. ಮಂಡೆಕೋಲಿನ ಮೂಲ ಮನೆಯಲ್ಲಿದ್ದ ಅವರ ತಮ್ಮ ಎದೆನೋವು ಬಂದು ಹಠಾತ್ತಾಗಿ ತೀರಿಹೋಗಿದ್ದರು. ಕಾಗದದ, ಅಡುಗೆಯವರ ಏರ್ಪಾಡಿಗೆಂದು ಇವರು ಬೆಳ್ಳಾರೆಗೆ ಮರಳಿದ್ದರು.

"ಕಾಗದವನ್ನು ಎಲ್ಲರಿಗೂ ಇಮೇಲಿನಲ್ಲಿ ಕಳಿಸಿ ಆಯ್ತಾ," ಎಂದರು.

"ವಾಟ್ಸಾಪ್ ಸುಲಭ ಅಲ್ವಾ ಸರ್?"

"ಬೇಡ ಮಾರಾಯ್ರೆ. ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ನನ್ನ ತಮ್ಮ ಬರುದು ಬೇಡ."

ನೆಂಟರ ಇಮೇಲ್ ವಿಳಾಸಗಳನ್ನು ಕೇಳಿ ಬರೆದುಕೊಂಡೆ. ಆಮೇಲೆ ಅವರು ಇನ್ನೊಂದು ವಿಷಯ ಹೇಳಿದರು. ಮಂಡೆಕೋಲಿನಲ್ಲಿ ಅವರ ತಾಯಿ ಇದ್ದಾರೆ, ಕಣ್ಣು ಮಂಜು. ಸತ್ತ ಮಗನ ಮುಖವನ್ನು ಒಮ್ಮೆ ದೊಡ್ಡದಾಗಿ ನೋಡಬೇಕು ಎಂದು ಹಟ ಹಿಡಿದಿದ್ದಾರೆ. ತಮ್ಮನಿಗೋ ಕ್ಯಾಮೆರಾ ಎಂದರೆ ಆಗದು, ಒಬ್ಬರೇ ನಿಂತ ಒಂದು ಫೋಟೋ ಮನೆಯಲ್ಲಿಲ್ಲ. ಮಗಳ ಮದುವೆಯ ಗುಂಪು ಫೋಟೋ ಒಂದೇ ಗತಿ. "ಅವನ ಮಗ ಕ್ರಿಯೆಗೆ ಕೂತಿದ್ದಾನೆ, ಓಡಾಟವೆಲ್ಲ ಹೊಸ ಅಳಿಯಂದು. ಅವನೇ ಅದರಿಂದ ತೆಗ್ದು ಕಳಿಸ್ತಾನೆ. ಮೊಮ್ಮಗಳು ಲ್ಯಾಪ್‌ಟಾಪನ್ನು ಅಜ್ಜಿಯ ಮಡಿಲಲ್ಲಿಟ್ಟು ತೋರಿಸ್ತಾಳೆ. ಎಷ್ಟು ದೊಡ್ಡ ಮಾಡಿದ್ರೂ ಒಡೀಬಾರ್ದು, ನೋಡಿ."

ಅಳಿಯ ಕಳಿಸಿದ ಫೋಟೋ ಚೆನ್ನಾಗಿಯೇ ಇತ್ತು. ಬಿಳಿ ಅಂಗಿ, ದಪ್ಪ ಮೀಸೆ, ಅರೆಬರೆ ನಗು. ಅದನ್ನು ಚೊಕ್ಕ ಮಾಡಿ, ಗೆರೆಗಳಲ್ಲಿ ಬಿಡಿಸಿದ ಚಿತ್ರದ ಹಾಗೆ ಮಾಡಿ, ಎಷ್ಟು ಹಿಗ್ಗಿಸಿದರೂ ಮಸುಕಾಗದ ಎಸ್‌ವಿಜಿ ಎಂಬ ರೂಪದಲ್ಲಿ ಇಡೀ ಕಾಗದವನ್ನು ಉಳಿಸಿದೆ. ಒಕ್ಕಣೆಯನ್ನು ಫೋನಿನಲ್ಲಿ ಓದಿ ಹೇಳಿದೆ, ಹಿರಿಯರು ಸರಿ ಎಂದರು. ಫೋಟೋ ನೋಡುತ್ತೀರಾ ಎಂದದ್ದಕ್ಕೆ, "ಅಳಿಯ ಕಳಿಸಿದ್ದಾನಲ್ಲ, ಸಾಕು. ನನಗೆ ಈಗ ನೋಡ್ಲಿಕ್ಕೆ ಆಗುದಿಲ್ಲ," ಎಂದರು. ಬೆಳಗ್ಗೆ ಅಂಗಡಿ ತೆರೆದವಳೇ ಚಿತ್ರವನ್ನು ಇಮೇಲಿನ ಒಳಗೇ ಕೂರಿಸಿ, ಅವರ ನೆಂಟರಿಗೆಲ್ಲ ಕಳಿಸಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಫೋನು ಶುರುವಾಯಿತು. ಕಡಬದಿಂದ ಒಬ್ಬರು, "ಎಂತದೂ ಇಲ್ಲ, ಖಾಲಿ ಉಂಟಲ್ಲ?" ಸುಳ್ಯದಿಂದ ಇನ್ನೊಬ್ಬರು, "ಒಕ್ಕಣೆ ಬರೀಲಿಕ್ಕೆ ಮರ್ತೋಯ್ತಾ?" ನನ್ನ ಪರದೆಯ ಮೇಲೆ ಕಾಗದ ಲಕ್ಷಣವಾಗಿ ಕೂತಿತ್ತು. ಮೈಯೆಲ್ಲ ಉರಿದುಹೋಯಿತು. ಪುತ್ತೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಚಿಕ್ಕಮ್ಮನ ಮಗನಿಗೆ ಫೋನು ಹಚ್ಚಿದೆ.

"ಅಕ್ಕಾ, ಆ ನಮೂನೆ ಚಿತ್ರವನ್ನು ಇಮೇಲಿನ ಒಳಗೆ ತೋರ್ಸುದು ಈಗ ನಿಲ್ಸಿದ್ದಾರೆ," ಎಂದ ಅವನು. "ಅದು ಬರೀ ಚಿತ್ರ ಅಲ್ಲ. ಅದರೊಳಗೆ ಕಳ್ಳರು ಏನೇನೋ ಆಜ್ಞೆ ಅಡಗಿಸಿ ಇಡ್ತಾರೆ. ಸುರಕ್ಷತೆಗೆ ಅಂತ ಬಂದ್ ಮಾಡಿದ್ದು."

"ಉತ್ತರಕ್ರಿಯೆ ಕಾಗದದಲ್ಲಿ ಕಳ್ಳ ಎಲ್ಲಿಂದ ಬಂದ ಮಾರಾಯ? ಇವರಿಗೆ ಮಂಡೆ ಸಮ ಉಂಟಾ? ಅಲ್ಲೊಬ್ಬರು ಅಜ್ಜಿ ಮಗನ ಮುಖ ನೋಡ್ಲಿಕ್ಕೆ ಕಾಯ್ತಾ ಇದ್ದಾರೆ!"

"ನನಗೆ ಎಂತಕ್ಕೆ ಬೈಯುದು? ಸಾದಾ ಫೋಟೋ ಮಾಡಿ ಪುನಃ ಕಳಿಸಿ," ಎಂದು ಅವನು ಫೋನಿಟ್ಟ. ಹಲಗೆಯಾಚೆ ಟೈಲರ್ ತಮ್ಮ ಹೊಲಿಗೆ ಯಂತ್ರ ನಿಲ್ಲಿಸಿದ್ದರು. ಕೇಳಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ.

ಇಮೇಲ್ ಕಂಪನಿಯವರಿಗೆ ಹಿಡಿಶಾಪ ಹಾಕುತ್ತ ಕಾಗದವನ್ನು ಸಾದಾ ಫೋಟೋ ಮಾಡಿದೆ. ಮತ್ತೆ ಕಳಿಸಲು ಗುಂಡಿ ಒತ್ತುವುದೊಂದೇ ಬಾಕಿ. ಆಗ ಬಾಗಿಲಲ್ಲಿ ಯಾರೋ, "ಅಮ್ಮನಿಗೆ ಕಾಗದ ಮುಟ್ಟಿತಾ?" ಎಂದರು. ಧ್ವನಿ ಆ ಹಿರಿಯರದ್ದೇ. ತಲೆ ಎತ್ತಿದೆ.

ಬಿಳಿ ಅಂಗಿ. ದಪ್ಪ ಮೀಸೆ. ಪರದೆಯ ಮೇಲೆ 'ದೈವಾಧೀನರಾದರು' ಎಂಬ ಸಾಲಿನ ಮೇಲಿದ್ದ ಅದೇ ಮುಖ.

"ಅಯ್ಯೋ ದೇವರೇ!" ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅವರೂ ಹೆದರಿ ಒಳಗೆ ಬಂದರು, ಪರದೆ ನೋಡಿದರು. ಬಗ್ಗಿ ಇನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, "ಇದು ನಾನಲ್ವಾ?" ಎಂದರು.

ಅಳಿಯ ಗುಂಪು ಫೋಟೋದಿಂದ ಮಾವನ ಬದಲು ಮಾವನ ಅಣ್ಣನನ್ನು ಕತ್ತರಿಸಿ ಕಳಿಸಿದ್ದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಕಣ್ಣು ಎಲ್ಲಿಟ್ಟಿದ್ದ ಅವನು!" ಎಂದೆ. ಅವರು ಕೈ ಅಡ್ಡ ಹಿಡಿದರು. "ಬೈಬೇಡಿ. ಮೊನ್ನೆ ಮೊನ್ನೆ ಮದುವೆಯಾದ ಹುಡುಗ. ನಾವಿಬ್ರೂ ಒಂದೇ ಅಚ್ಚು. ಶಾಲೆಯಲ್ಲಿ ಮೇಷ್ಟ್ರು ಅವನ ಪೆಟ್ಟು ನನಗೆ ಕೊಡ್ತಾ ಇದ್ರು." ಎಂದವರೇ ಒಮ್ಮೆಲೇ ನನ್ನತ್ತ ತಿರುಗಿದರು. "ಅಮ್ಮ ನೋಡಿದ್ರಾ ಇದನ್ನು? ಒಬ್ಬ ಮಗ ಹೋಗಿ ಆಗಿದೆ. ಮಡಿಲಲ್ಲಿಟ್ಟು ನನ್ನನ್ನೂ ಹೀಗೆ ತೋರಿಸಿದ್ರೆ... ಅವರ ಎದೆ ತಡೆಯುದಿಲ್ಲ."

"ಇಲ್ಲ ಸರ್, ಯಾರಿಗೂ ಕಾಣ್ಲಿಲ್ಲ, ಎಲ್ಲರಿಗೂ ಖಾಲಿ," ಎಂದೆ. ಹೇಳಿದೆನೇ ಹೊರತು ನನಗೇ ನಂಬಿಕೆ ಸಾಲದು. ಮಂಡೆಕೋಲಿನಿಂದ ಫೋನು ಬಂದಿರಲೇ ಇಲ್ಲ. ಅವರ ಯಂತ್ರದಲ್ಲಿ ಹಳೆಯ ತಂತ್ರಾಂಶವಿದ್ದು ಚಿತ್ರ ತೋರಿಸಿಬಿಟ್ಟಿದ್ದರೆ? ಹಿರಿಯರು ನಂಬರು ಒತ್ತಿ, ನನಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟರು. ಅವರ ಮನೆಮಾತು ಅರೆಭಾಷೆ, ಸುಳ್ಯದ ಕಡೆಯ ಒಂದು ಬಗೆಯ ಕನ್ನಡ. ನನಗೆ ಮಾತಾಡಲು ಬಾರದಿದ್ದರೂ ಅರ್ಥವಾಗುತ್ತದೆ, ಇಲ್ಲಿ ನನ್ನ ಮಾತಿನಲ್ಲೇ ಹೇಳುತ್ತೇನೆ.

ಎತ್ತಿದ್ದು ಅಜ್ಜಿಯ ಮೊಮ್ಮಗಳು, ತೀರಿಹೋದ ತಮ್ಮನ ಮಗಳು. "ದೊಡ್ಡಪ್ಪ, ಬೆಳಗ್ಗೆಯಿಂದ ತೆಗ್ದು ತೆಗ್ದು ನೋಡಿದೆ. ಬೆಳ್ಳಗೆ ಒಂದು ಚೌಕ ಬಿಟ್ರೆ ಎಂತದೂ ಇಲ್ಲ."

 ನಾನು ಕುರ್ಚಿಯಲ್ಲಿ ಕೂತು ಪರದೆಯತ್ತ ಎರಡೂ ಕೈ ಜೋಡಿಸಿದೆ. ಯಾವ ದೇಶದಲ್ಲಿ ಕೂತ ಯಾವ ಪುಣ್ಯಾತ್ಮ ಕಳ್ಳರಿಗೆ ಹೆದರಿ ಆ ಬಾಗಿಲು ಮುಚ್ಚಿದನೋ, ಅವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ. ಹಿರಿಯರು ಕರವಸ್ತ್ರದಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿ ನಕ್ಕರು. ಫೋಟೋದಲ್ಲಿದ್ದದ್ದಕ್ಕಿಂತ ಅಗಲದ ನಗು.

ಅಷ್ಟರಲ್ಲಿ ಫೋನು ಅಜ್ಜಿಯ ಕೈಗೆ ಹೋಗಿತ್ತು. "ಮಗಾ, ಫೋಟೋ ಬರ್ಲಿಲ್ಲಂತೆ."

"ಈಗ ಬರ್ತದೆ ಅಮ್ಮ. ಇವರು ಸರಿ ಮಾಡಿ ಕಳಿಸ್ತಾರೆ."

"ಅದು ಯಾವಾಗ ಬೇಕಾದ್ರೂ ಬರ್ಲಿ. ಅವನು ಇನ್ನು ಎಲ್ಲಿಗೆ ಹೋಗ್ತಾನೆ?" ಅಜ್ಜಿಯ ಉಸಿರು ಕೇಳಿಸುತ್ತಿತ್ತು. "ನೀನು ಬಾ. ಹತ್ರ ಕೂತ್ಕೋ. ನಿನ್ನ ಮುಖ ಒಮ್ಮೆ ಮುಟ್ಟಿ ನೋಡ್ಬೇಕು."

 ಅವರು ಅಮ್ಮನಿಗೆ ಕಾಣುತ್ತದೇನೋ ಎಂಬಂತೆ ಫೋನಿನ ಎದುರು ಜೋರಾಗಿ ತಲೆ ಆಡಿಸಿ, ಅದನ್ನು ಎತ್ತಿಕೊಂಡು ಹೊರಗೆ ನಡೆದರು.